ಮೂರನೆಯ ಹಾಳೆ

ಜನವರಿ ೯

ಪ್ರೀತಿಯ ಅಂಟಣ್ಣನಿಗೆ, ಅತ್ತಿಗೆಯ ಆಶೀರ್ವಾದಗಳು.

ಕೂದಲು ನರೆತ ಮೇಲೂ ಹಾಗೇ ಕರೆಯುತ್ತೀರಲ್ಲ ಎಂದು ಮುನಿಸಿಕೊಳ್ಳಬೇಡ. ನಿನ್ನ ಅಣ್ಣ ಇಟ್ಟ ಹೆಸರು, ಬದಲಾಯಿಸುವ ಅಧಿಕಾರ ನನಗಿಲ್ಲ. ಹರಿದ ಕಾಗದಕ್ಕೆ ಅಂಟು ಹಚ್ಚಿಯೇ ಬದುಕು ಕಟ್ಟಿಕೊಂಡವನಿಗೆ ಇದಕ್ಕಿಂತ ಒಪ್ಪುವ ಹೆಸರು ಎಲ್ಲಿ ಸಿಗಬೇಕು?

ಈ ಕಾಗದ ತರುವ ಬಸ್ ಕಂಡಕ್ಟರನ ಕೈಯಲ್ಲಿ ಉದ್ದನೆಯ ತಗಡಿನ ಕೊಳವೆಯೂ ಇದೆ. ಅದರೊಳಗೆ ನಮ್ಮ ಊರಿನ ಐದು ಹಳೆಯ ನಕ್ಷೆಗಳಿವೆ. ಪುರಸಭೆಯ ಬೀರುವಿನಿಂದ ನಮ್ಮ ಇತಿಹಾಸ ಬಳಗ ಕೇಳಿ ಪಡೆದದ್ದು. ಬಳಗ ಎಂದರೆ ಭಾರಿ ಏನಲ್ಲ. ಭೂಗೋಳ ಪಾಠ ಹೇಳಿ ನಿವೃತ್ತಳಾದ ನಾನು, ಔಷಧಿ ಅಂಗಡಿಯವರು, ಮತ್ತೆ ಸಭೆಗೆ ಬಂದು ತೂಕಡಿಸುವ ಇಬ್ಬರು ಹಿರಿಯರು.

ವಿಷಯ ಹೀಗಿದೆ. ಕೆಳಪೇಟೆಯವರು ಮತ್ತೆ ಅರ್ಜಿ ಕೊಟ್ಟಿದ್ದಾರೆ. ಗುಡ್ಡದ ಬುಡದಿಂದ ನಮ್ಮ ಮೇಲ್ಪೇಟೆಯ ಚೌಕಕ್ಕೆ ನೇರ ಹತ್ತುವ ಮೆಟ್ಟಿಲು ದಾರಿಯೊಂದು ಹಿಂದೆ ಇತ್ತಂತೆ, ಅದನ್ನು ಯಾರೋ ನುಂಗಿಹಾಕಿದ್ದಾರಂತೆ, ಬಿಡಿಸಿಕೊಡಬೇಕಂತೆ. ಈಗ ಅವರು ಆಸ್ಪತ್ರೆಗೆ ಬರಬೇಕಾದರೂ ಶಾಲೆಗೆ ಬರಬೇಕಾದರೂ ಗುಡ್ಡವನ್ನೇ ಬಳಸಿ ಬರಬೇಕು, ಪಾಪ. "ನಕ್ಷೆಯಲ್ಲಿ ತೋರಿಸಿ, ಬಿಡಿಸಿ ಕೊಡ್ತೀವಿ" ಎನ್ನುವುದು ಪುರಸಭೆಯ ಹಳೆಯ ಉತ್ತರ. ಹಿಂದೊಮ್ಮೆ ಇದೇ ಐದು ಹಾಳೆಗಳನ್ನು ನಾನೇ ನೋಡಿ, ಅಂಥ ದಾರಿಯ ಗುರುತು ಎಲ್ಲೂ ಇಲ್ಲ ಎಂದು ಬರೆದುಕೊಟ್ಟಿದ್ದೆ. ಇಲ್ಲದ್ದನ್ನು ಇದೆ ಎನ್ನಲಾದೀತೆ? ಆದರೂ ಆ ದಿನದಿಂದ ಕೆಳಪೇಟೆಯವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅದಕ್ಕೇ ಈ ಸಲ ನಕ್ಷೆಗಳನ್ನು ತೊಳೆಸಿ, ಸರಿಪಡಿಸಿ, ಗಾಜಿನ ಚೌಕಟ್ಟು ಹಾಕಿಸಿ ಎಲ್ಲರ ಕಣ್ಣಿಗೂ ಬೀಳುವಂತೆ ಇಡೋಣ ಎಂದೆ. ಅವರವರೇ ನೋಡಿಕೊಳ್ಳಲಿ.

ಮೂರನೆಯ ಹಾಳೆಯನ್ನು ಜೋಪಾನ ಮಾಡು. ಮನೆ ಮನೆಯನ್ನೂ ಬಿಡಿಸಿರುವುದು ಅದೊಂದರಲ್ಲೇ. ಅದು ಮೂಲಪ್ರತಿ, ಯಾರೂ ತಿದ್ದಿಲ್ಲ ಎಂದು ನಿನ್ನ ಕೈಬರಹದಲ್ಲಿ ಒಂದು ಪ್ರಮಾಣಪತ್ರ ಬೇಕು. ಪುರಸಭೆಯ ಸಭೆ ಏಪ್ರಿಲ್ ಮಧ್ಯದಲ್ಲಿ.

ಫೋನ್ ಮಾತ್ರ ಮಾಡಬೇಡ. ಫೋನಿರುವುದು ಔಷಧಿ ಅಂಗಡಿಯಲ್ಲಿ. ಆ ಮನುಷ್ಯ ಮಾತ್ರೆ ಎಣಿಸುತ್ತಲೇ ಕಿವಿ ನಿಗುರಿಸುತ್ತಾರೆ.

ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಅಣ್ಣ ಹೋಗಿ ಮೂರು ವರ್ಷವಾಯಿತು. ಅವರು ನನಗೆಂದೇ ಕಟ್ಟಿಸಿದ ಈ ಕೋಣೆ ಬಿಟ್ಟು ಬೇರೆಲ್ಲಿ ಕೂತರೂ ನನಗೆ ಅಕ್ಷರ ಓಡುವುದಿಲ್ಲ.

ಇತಿ ನಿನ್ನ ಅತ್ತಿಗೆ


ಜನವರಿ ೨೨

ಅತ್ತಿಗೆಗೆ ನಮಸ್ಕಾರಗಳು.

ಕೊಳವೆ ಕ್ಷೇಮವಾಗಿ ತಲುಪಿತು. ಕಂಡಕ್ಟರ್ ಅದನ್ನು ಕೈಬಿಡದೆ ಹಿಡಿದುಕೊಂಡೇ ಬಂದನಂತೆ. "ಬಂದೂಕು ಅಂದ್ಕೊಂಡು ಯಾರೂ ನನ್ ಪಕ್ಕ ಕೂರ್ಲಿಲ್ಲ ಸಾರ್" ಎಂದ.

ನಿಮ್ಮ ಪುರಸಭೆಯವರು ನಕ್ಷೆಗಳನ್ನು ನಕ್ಷೆಗಳೆಂದು ತಿಳಿದಂತೆ ಕಾಣುವುದಿಲ್ಲ. ಮೊದಲನೆಯದನ್ನು ಹುಳು ತಿಂದು ಜರಡಿ ಮಾಡಿದೆ. ನಾಲ್ಕನೆಯದರ ಮೇಲೆ ಯಾರೋ ಚಹಾದ ಲೋಟ ಇಟ್ಟು, ಚೌಕದ ನಡುವೆ ದುಂಡನೆಯ ಕೆರೆಯೊಂದು ಹುಟ್ಟಿದೆ. ಮುಂದಿನ ಇತಿಹಾಸಕಾರರು ಅದರ ಮೇಲೂ ಪುಸ್ತಕ ಬರೆದಾರು. ಮೂರನೆಯದು ಮಾತ್ರ ಸೊಗಸಾಗಿದೆ. ಬರೆದವನ ಕೈ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಹಿಂಬದಿಯ ಬಟ್ಟೆ ಕೊಳೆತಿದೆ, ಅಂಟೆಲ್ಲ ಹಳದಿ ಏರಿದೆ. ಮುಂದಿನ ವಾರ ನೀರಿಗೆ ಬಿಡುತ್ತೇನೆ. ಗಾಬರಿಯಾಗಬೇಡಿ, ಆ ಕಾಲದ ಶಾಯಿ ನೀರಿಗೆ ಹೆದರುವುದಿಲ್ಲ. ಪ್ರಮಾಣಪತ್ರ ದೊಡ್ಡ ಮಾತಲ್ಲ, ಬರೆದುಕೊಡೋಣ.

ನಿಮ್ಮ ಮಂಡಿ ನೋವು ಹೇಗಿದೆ? ಆ ಊರಲ್ಲಿ ಸಮತಟ್ಟಾಗಿರುವುದು ಊಟದ ತಟ್ಟೆ ಮಾತ್ರ ಎಂದು ಅಣ್ಣ ಹೇಳುತ್ತಿದ್ದ.

ನಿಮ್ಮ ಅಂಟಣ್ಣ


ಫೆಬ್ರವರಿ ೫

ಅತ್ತಿಗೆಗೆ ನಮಸ್ಕಾರ.

ಕೆಲಸ ನಡೆಯುತ್ತಿದೆ. ಮೂರನೆಯದಕ್ಕೆ ಇನ್ನಷ್ಟು ಸಮಯ ಹಿಡಿಯುತ್ತದೆ.

ಒಂದೆರಡು ವಿಷಯ ತಿಳಿಸಿ. ಪುರಸಭೆಯ ಆ ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು? ನಿಮ್ಮ ಹಿಂದಿನ ಕೋಣೆ ಕಟ್ಟಿಸಿದ್ದು ಯಾವಾಗ? ಅದಕ್ಕೆ ಅಪ್ಪಣೆ ಪತ್ರ ಇದೆಯೆ? ಕೋಣೆಯ ನೆಲಕ್ಕೆ ಹಾಸಿರುವುದು ಏನು, ಕಲ್ಲೋ ಗಾರೆಯೋ?

ಸುಮ್ಮನೆ ಕೇಳಿದೆ.

ಅಂಟಣ್ಣ


ಫೆಬ್ರವರಿ ೧೨

ಅಂಟಣ್ಣನಿಗೆ ಆಶೀರ್ವಾದ.

ಸುಮ್ಮನೆ ಕೇಳಿದೆ ಎನ್ನುವವರು ಯಾರೂ ಸುಮ್ಮನೆ ಕೇಳಿರುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಅಷ್ಟು ಗೊತ್ತಾಗುತ್ತದೆ. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ.

ಬೀಗದ ಕೈ ನಿನ್ನ ಅಣ್ಣನ ಹತ್ತಿರವೇ ಇರುತ್ತಿತ್ತು. ಪುರಸಭೆಯ ನಕ್ಷೆಗಾರರ ಹತ್ತಿರ ಅಲ್ಲದೆ ಜವಾನನ ಹತ್ತಿರ ಇರುತ್ತದೆಯೆ? ಕೋಣೆ ಕಟ್ಟಿಸಿದ್ದು ನಾನು ಶಾಲೆಗೆ ಸೇರಿದ ಮರುವರ್ಷ. ಅಡುಗೆಮನೆಯ ಮೂಲೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುವುದನ್ನು ನೋಡಲಾರದೆ ಕಟ್ಟಿಸಿದರು. ಅಪ್ಪಣೆ ಪತ್ರ ಎಂದು ಕೇಳಿದರೆ ನಗು ಬರುತ್ತದೆ. ಊರಿನವರ ಮನೆ ನಕ್ಷೆಗಳಿಗೆಲ್ಲ ಅಪ್ಪಣೆಯ ಮುದ್ರೆ ಒತ್ತುತ್ತಿದ್ದವರೇ ಅವರು. ತಮ್ಮ ಕೈಗೆ ತಾವೇ ಪತ್ರ ಕೊಟ್ಟುಕೊಳ್ಳಬೇಕಿತ್ತೇನು? ನೆಲಕ್ಕೆ ಕಲ್ಲುಚಪ್ಪಡಿ ಹಾಸಿದೆ. ಇನ್ನು ಕಿಟಕಿಗೆ ಎಷ್ಟು ಸರಳಿವೆ ಎಂದೂ ಕೇಳುವವನಿದ್ದೀಯೋ?

ಔಷಧಿ ಅಂಗಡಿಯವರು ಸರಕು ತರಲು ನಿನ್ನ ಊರಿಗೇ ಬರುತ್ತಿದ್ದಾರೆ. ಮುಗಿದ ಹಾಳೆಗಳಿದ್ದರೆ ಅವರ ಕೈಯಲ್ಲಿ ಕಳಿಸು.

ನಿನ್ನ ಅತ್ತಿಗೆ


ಫೆಬ್ರವರಿ ೨೪

ಮೈದುನರಿಗೆ,

ಒಂದನೆಯ ಮತ್ತು ಐದನೆಯ ಹಾಳೆ ಬಂದವು. ಕೆಲಸ ಚೆನ್ನಾಗಿದೆ. ಅದಕ್ಕೆ ಧನ್ಯವಾದ.

ಔಷಧಿ ಅಂಗಡಿಯವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಸುಳ್ಳಾದರೆ ಸುಳ್ಳೆನ್ನಿ. "ನಾನು ಒಳಗೆ ಕಾಲಿಟ್ಟ ತಕ್ಷಣ ನಿಮ್ಮ ಮೈದುನ ಮೇಜಿನ ಮೇಲಿದ್ದ ಹಾಳೇನ ಬಟ್ಟೆ ಎಳೆದು ಮುಚ್ಚಿಬಿಟ್ರು ಟೀಚರ್. ಮೂರನೇದು ತೋರ್ಸಿ ಅಂದೆ. ಒದ್ದೆ ಇದೆ ಅಂದ್ರು. ಬಟ್ಟೆ ನೋಡಿದ್ರೆ ಒಣಗಿತ್ತು. ಪಕ್ಕದಲ್ಲಿ ಒಬ್ಬ ಕೋಟಿನ ಮನುಷ್ಯ ಕೂತಿದ್ದ. ಹಳೇ ನಕ್ಷೆ, ಹಳೇ ಪಟ ಕೊಳ್ಳೋ ವ್ಯಾಪಾರಿ ಅಂತೆ. ನಾನು ಹೊರಟಾಗ ನಿಮ್ಮ ಮೈದುನ ಬಾಗಿಲವರೆಗೂ ಬಂದು, ಅತ್ತಿಗೆ ಏನಾದ್ರೂ ಹೇಳಿ ಕಳಿಸಿದ್ದಾರಾ, ಬಾಯಲ್ಲಿ ಹೇಳೋ ಅಂಥದ್ದು, ಅಂತ ಎರಡು ಸಲ ಕೇಳಿದ್ರು."

ಬಾಯಲ್ಲಿ ಹೇಳುವಂಥದ್ದು ನನ್ನ ಹತ್ತಿರ ಏನಿರಬೇಕಿತ್ತು? ಅವರು ಹೋದ ಮೇಲೆ ನಿಮ್ಮ ಹಿಂದಿನ ಕಾಗದ ತೆಗೆದು ಓದಿದೆ. ಕೋಣೆ ಯಾವಾಗ ಕಟ್ಟಿಸಿದ್ದು, ಅಪ್ಪಣೆ ಇದೆಯೆ, ನೆಲ ಯಾವುದರದ್ದು. ನಕ್ಷೆ ತೊಳೆಯುವವರಿಗೆ ಇವೆಲ್ಲ ಬೇಕಿಲ್ಲ. ಮನೆಗೆ ಬೆಲೆ ಕಟ್ಟುವವರಿಗೆ ಬೇಕು. ಅಣ್ಣನ ಮನೆಯಲ್ಲಿ ಪಾಲು ಬೇಕಿದ್ದರೆ ನೆಟ್ಟಗೆ ಕೇಳಬೇಕಿತ್ತು. ನಕ್ಷೆಯ ಹಿಂದೆ ಅಡಗಿ ಕೇಳಬೇಕಿರಲಿಲ್ಲ.

ಉಳಿದ ಮೂರನ್ನೂ ಕೂಡಲೇ ಕಳಿಸಿ. ಅವು ನನ್ನವಲ್ಲ, ನಿಮ್ಮವೂ ಅಲ್ಲ, ಊರಿನವು. ಇನ್ನು ಮುಂದೆ ನಿಮಗೆ ಹೀಗೇ ಬರೆಯುತ್ತೇನೆ. ಅಂಟಣ್ಣ ಎನ್ನಲು ಕೈ ಬರುತ್ತಿಲ್ಲ.

ಇತಿ


ಮಾರ್ಚ್ ೨

ಅತ್ತಿಗೆಗೆ,

ಎರಡನೆಯ ಮತ್ತು ನಾಲ್ಕನೆಯ ಹಾಳೆಗಳನ್ನು ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ಮೂರನೆಯದು ನನ್ನ ಬಳಿಯೇ ಇರುತ್ತದೆ.

ಕೋಟಿನವರು ವ್ಯಾಪಾರಿ ಎನ್ನುವುದು ನಿಜ. ವಾರಕ್ಕೊಮ್ಮೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಬಟ್ಟೆ ಮುಚ್ಚಿದ್ದೂ ನಿಜ. ನಿಮ್ಮ ಔಷಧಿ ಅಂಗಡಿಯವರು ಹಾಳೆಯ ಯಾವ ಮೂಲೆ ನೋಡಲು ಕತ್ತು ಚಾಚುತ್ತಿದ್ದರು ಎಂದು ನಾನೂ ನೋಡಿದೆ. ಅವರ ಅಂಗಡಿ ಇರುವುದು ಕೆಳಪೇಟೆಯವರು ಬಳಸಿ ಬರುವ ದಾರಿಯಲ್ಲೇ ಅಲ್ಲವೆ? ಎಲ್ಲರೂ ಅವರ ಬಾಗಿಲ ಮುಂದೆಯೇ ಹಾಯಬೇಕು.

ಪಾಲಿನ ಮಾತು ಬರೆದಿರಿ. ಓದಿ ಎರಡು ದಿನ ಕೆಲಸದ ಮೇಜಿಗೆ ಕೂರಲಿಲ್ಲ. ಆ ಮನೆಯ ಒಂದು ಹೆಂಚೂ ನನಗೆ ಬೇಡ. ಆದರೆ ನನಗೂ ಒಂದು ಕೇಳುವುದಿದೆ. ಐದು ಹಾಳೆಗಳಲ್ಲಿ ಮೂರನೆಯದಕ್ಕೇ ಯಾಕೆ ಪ್ರಮಾಣಪತ್ರ ಕೇಳಿದಿರಿ? ಯಾರೂ ತಿದ್ದಿಲ್ಲ ಎಂದು ನನ್ನ ಕೈಯಿಂದಲೇ ಯಾಕೆ ಬರೆಸಬೇಕು? ತಮ್ಮ ಬರೆದುಕೊಟ್ಟರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ ಎಂದೆ?

ಆ ಹಾಳೆಗೆ ನಾನು ಪ್ರಮಾಣಪತ್ರ ಬರೆಯಲಾರೆ. ಯಾಕೆಂದು ನಿಮಗೆ ಗೊತ್ತಿದೆ.

ಮೈದುನ


ಮಾರ್ಚ್ ೮

ಮೈದುನರಿಗೆ,

ಗೊತ್ತಿಲ್ಲ.

ನಿಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ಓದಿದೆ. ನಾನೇನೋ ಮುಚ್ಚಿಟ್ಟಿದ್ದೇನೆ, ಅದನ್ನು ನಿಮ್ಮ ಕೈಯಲ್ಲಿ ಮುಚ್ಚಿಸುತ್ತಿದ್ದೇನೆ ಎನ್ನುತ್ತಿದ್ದೀರಿ. ಏನೆಂದು ಹೇಳದೆ ಕಳ್ಳಿ ಎನ್ನುತ್ತಿದ್ದೀರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ. ಯಾವ ಕುಂಬಳಕಾಯಿ, ಯಾವ ಹಿತ್ತಲಿನದು, ಅದನ್ನು ಮೊದಲು ಹೇಳಿ.

ಕೋಣೆಯ ವಿಷಯ ಅಷ್ಟು ಕೆದಕಿದಿರಲ್ಲ, ನನಗೆ ನೆನಪಿರುವುದನ್ನೆಲ್ಲ ಹೇಳುತ್ತೇನೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗಲೇ ಹಿತ್ತಲಿಗೆ ಗೋಡೆ ಇತ್ತು. ನಿಮಗೂ ಗೊತ್ತು, ನೀವು ರಜೆಗೆ ಬಂದಾಗ ಅದರ ಮೇಲೆ ಕೂತು ಮಾವಿನಕಾಯಿ ತಿನ್ನುತ್ತಿದ್ದಿರಿ. ಎರಡು ವರ್ಷದ ಮೇಲೆ ಅದೇ ಗೋಡೆಗೆ ಒರಗಿಸಿ ಕೋಣೆ ಎತ್ತಿಸಿದರು. ಕಟ್ಟುವಾಗ ಒಂದು ದಿನ ಕೆಳಪೇಟೆಯ ಸೂಲಗಿತ್ತಿ ಬಂದು ಬಾಗಿಲಲ್ಲಿ ನಿಂತು ನಿಮ್ಮ ಅಣ್ಣನ ಜೊತೆ ದೊಡ್ಡ ಜಗಳ ಮಾಡಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ, ಮಾತು ಕೇಳಿಸಲಿಲ್ಲ. ಇವರು ಒಂದೂ ಎದುರಾಡದೆ ತಲೆ ತಗ್ಗಿಸಿ ನಿಂತಿದ್ದರು. ಒಳಗೆ ಬಂದಾಗ ಏನೆಂದು ಕೇಳಿದೆ. "ಏನೋ ಗಡಿ ತಕರಾರು, ಬಿಡು" ಎಂದರು. ಬಿಟ್ಟೆ.

ಬರೆಯುತ್ತಾ ಈಗ ಅನ್ನಿಸುತ್ತಿದೆ, ಸೂಲಗಿತ್ತಿಗೆ ನಮ್ಮ ಹಿತ್ತಲಲ್ಲಿ ಎಂಥ ಗಡಿ?

ನಕ್ಷೆ ಕಳುವಾಗಿದೆ ಎಂದು ಪುರಸಭೆಗೆ ದೂರು ಕೊಡಿ ಎಂದು ಔಷಧಿ ಅಂಗಡಿಯವರು ಬರೆದು ತಂದುಕೊಟ್ಟಿದ್ದಾರೆ. ನನ್ನ ಸಹಿ ಒಂದು ಬಾಕಿ. ನೀವು ನೆಟ್ಟಗೆ ಹೇಳುವವರೆಗೂ ಅದು ಮೇಜಿನ ಮೇಲೇ ಇರುತ್ತದೆ.

ಇತಿ


ಮಾರ್ಚ್ ೧೩

ಅತ್ತಿಗೆಗೆ ನಮಸ್ಕಾರಗಳು.

ನಿಮಗೆ ಗೊತ್ತಿಲ್ಲ ಎನ್ನುವುದು ಈಗ ನಂಬಿಕೆಯಾಯಿತು. ಗೊತ್ತಿದ್ದವರು ಸೂಲಗಿತ್ತಿಯ ಮಾತು ತೆಗೆಯುತ್ತಿರಲಿಲ್ಲ. ಹೇಳುತ್ತೇನೆ. ಕೂತು ಓದಿ.

ಮೂರನೆಯ ಹಾಳೆಯನ್ನು ನೀರಿಗೆ ಬಿಟ್ಟ ದಿನ ಹಿಂಬದಿಯ ಬಟ್ಟೆ ಬಿಡಲಿ ಎಂದು ಕಾಯುತ್ತಾ ಕೂತಿದ್ದೆ. ಬಟ್ಟೆಗಿಂತ ಮೊದಲೇ ಮುಂಬದಿಯಿಂದ ಅಂಗೈಯಗಲದ ಒಂದು ಚೂರು ತಾನಾಗಿ ಎದ್ದು ನೀರಿನ ಮೇಲೆ ತೇಲಿತು. ಹಾಳೆ ಹರಿಯಿತೆಂದುಕೊಂಡೆ. ಹರಿದಿರಲಿಲ್ಲ. ಅದೊಂದು ತೇಪೆ. ಚಹಾದ ನೀರಲ್ಲಿ ಅದ್ದಿ ಬಣ್ಣ ಕೂಡಿಸಿದ ತೆಳು ಕಾಗದ. ಅಂಚುಗಳನ್ನು ಬ್ಲೇಡಿನಿಂದ ಎಷ್ಟು ನಯವಾಗಿ ಹೆರೆದಿದ್ದರೆಂದರೆ, ಹಗಲೆಲ್ಲ ಇದೇ ಕೆಲಸ ಮಾಡುವ ನನ್ನ ಬೆರಳಿಗೂ ಸಿಕ್ಕಿರಲಿಲ್ಲ. ತೇಪೆಯ ಮೇಲೆ ನಿಮ್ಮ ಮನೆಯ ಹಿಂದೆ ಬರೀ ತೋಟ. ತೇಪೆಯ ಕೆಳಗೆ ಚೌಕದಿಂದ ನಿಮ್ಮ ಬಚ್ಚಲ ಪಕ್ಕ ಇಳಿದು, ಹಿಂದಿನ ಕೋಣೆಯ ಜಾಗ ಹಾದು ಕೆಳಪೇಟೆಗೆ ಹೋಗುವ ಮೆಟ್ಟಿಲುಗಳು. ಒಂದೊಂದು ಮೆಟ್ಟಿಲಿಗೂ ಒಂದೊಂದು ಗೆರೆ.

ಯಾರು ಮಾಡಿದ್ದೆಂದು ಕೇಳಬೇಕಿಲ್ಲ. ತೋಟವೆಂದು ತೋರಿಸಲು ಹಾಕುವ ಸಣ್ಣ ಗೆರೆಗಳು ಹಾಳೆಯ ಉಳಿದ ಕಡೆಯೆಲ್ಲ ಬಲಕ್ಕೆ ವಾಲಿವೆ. ತೇಪೆಯ ಮೇಲೆ ಎಡಕ್ಕೆ ವಾಲಿವೆ. ಅಣ್ಣ ಎಡಗೈಯವನು. ನನಗೆ ಪೆನ್ಸಿಲ್ ಹಿಡಿಯಲು ಕಲಿಸಿದ ಕೈ ಅದು, ಗುರುತು ಸಿಗದೆ ಇರುತ್ತದೆಯೆ?

ಅಂದಿನಿಂದ ಎರಡು ರೀತಿ ಯೋಚಿಸುತ್ತಿದ್ದೆ. ನಿಮಗೆ ತಿಳಿಯದಿದ್ದರೆ, ಆ ಕೋಣೆಯಲ್ಲೇ ಒಬ್ಬರೇ ಕೂತು ಇದನ್ನು ಓದಬೇಕಲ್ಲ ಎಂದು ಬರೆಯಲು ಮನಸ್ಸು ಬರಲಿಲ್ಲ. ನಿಮಗೆ ತಿಳಿದಿದ್ದರೆ, ನನ್ನನ್ನು ಸಾಕ್ಷಿ ಮಾಡಿಕೊಳ್ಳುತ್ತಿದ್ದೀರಿ ಎಂದು ಸಿಟ್ಟು. ಎರಡನೆಯದನ್ನೇ ಹೆಚ್ಚು ನಂಬಿದೆ. ಅಣ್ಣನ ಮೇಲಿನ ಸಿಟ್ಟನ್ನು ನಿಮ್ಮ ಮೇಲೆ ಹಾಕುವುದು ಸುಲಭವಾಗಿತ್ತು.

ಹಾಳೆಯ ಆ ಭಾಗವನ್ನು ತೆಳು ಕಾಗದದ ಮೇಲೆ ಇಳಿಸಿ ಇದರ ಜೊತೆ ಇಟ್ಟಿದ್ದೇನೆ. ಯಾರಿಗೂ ತೋರಿಸಬೇಡಿ.

ನಿಮ್ಮ ಮೈದುನ


ಮಾರ್ಚ್ ೨೬

ಅತ್ತಿಗೆ,

ಹದಿಮೂರಕ್ಕೆ ಬರೆದದ್ದು ತಲುಪಿತೋ ಇಲ್ಲವೋ. ಕಂಡಕ್ಟರನನ್ನು ಕೇಳಿದೆ. "ಟೀಚರಮ್ಮನ ಕೈಗೇ ಕೊಟ್ಟೆ ಸಾರ್, ಅಲ್ಲೇ ನಿಂತು ಓದಿದ್ರು, ಏನೂ ಅನ್ಲಿಲ್ಲ" ಎಂದ. ನಿಮ್ಮ ಮೌನದಿಂದ ನನಗೆ ನಿದ್ದೆಯಿಲ್ಲ. ಒಂದು ಸಲ ನಿಮ್ಮ ಆರೋಗ್ಯದ ಚಿಂತೆ, ಇನ್ನೊಂದು ಸಲ ನೀವು ದೂರಿಗೆ ಸಹಿ ಹಾಕಿದಿರೇನೋ ಎಂಬ ಅನುಮಾನ.

ಸಭೆ ಹತ್ತಿರ ಬಂತು. ಒಂದು ಮಾತು ಹೇಳುತ್ತೇನೆ. ಇದನ್ನು ಬರೆಯುವುದೋ ಬೇಡವೋ ಎಂದು ತುಂಬ ದಿನ ತೂಗಿದೆ. ತೇಪೆ ನನ್ನ ಹತ್ತಿರ ಹಾಗೇ ಇದೆ. ತೆಳ್ಳಗೆ ಅಂಟು ಸವರಿ ಮತ್ತೆ ಕೂರಿಸಿದರೆ ಅಣ್ಣನಿಗಿಂತ ಚೆನ್ನಾಗಿ ಕೂರುತ್ತದೆ. ಇನ್ನು ನೂರು ವರ್ಷ ಯಾರೂ ಎಬ್ಬಿಸಲಾರರು. ನಿಮ್ಮ ಮನೆ ನಿಮ್ಮದಾಗಿ ಉಳಿಯುತ್ತದೆ, ಅಣ್ಣನ ಹೆಸರು ಅಣ್ಣನದಾಗಿ ಉಳಿಯುತ್ತದೆ. ನನ್ನ ಕಸುಬಿನಲ್ಲಿ ಹೀಗೆ ಯಾವತ್ತೂ ಮಾಡಿಲ್ಲ. ನೀವು ಹೂಂ ಎಂದರೆ ಮಾಡುತ್ತೇನೆ.

ಅಂಟಣ್ಣ


ಏಪ್ರಿಲ್ ೧

ಅಂಟಣ್ಣ,

ಹಚ್ಚಬೇಡ. ಡಬ್ಬಿಯ ಮುಚ್ಚಳ ಮುಚ್ಚಿಡು.

ಉತ್ತರ ಬರೆಯಲಿಲ್ಲ, ಯಾಕೆಂದರೆ ಮೊದಮೊದಲು ನಿನ್ನ ಮಾತನ್ನೂ ನಂಬಲಿಲ್ಲ. ಈ ಗೆರೆಗಳನ್ನು ನೀನೇ ಬರೆದು ಕಳಿಸಿಲ್ಲ ಎನ್ನುವುದಕ್ಕೆ ಏನು ಆಧಾರ ಎಂದು ಮನಸ್ಸು ಕೇಳಿತು. ಸತ್ತವರ ಮೇಲೆ ಹೊರಿಸುವುದು ಸುಲಭ, ಅವರು ಎದ್ದು ಬಂದು ಅಲ್ಲ ಎನ್ನುವುದಿಲ್ಲ. ಆಮೇಲೆ ಅವರ ಹಳೆಯ ನಕ್ಷೆಗಳನ್ನೆಲ್ಲ ನೆಲದ ಮೇಲೆ ಹರಡಿ ನೋಡಿದೆ. ಎಲ್ಲದರಲ್ಲೂ ತೋಟದ ಗೆರೆ ಎಡಕ್ಕೇ ವಾಲಿದೆ. ಇಷ್ಟು ವರ್ಷ ಜೊತೆಗಿದ್ದೂ ನಾನು ಅದನ್ನು ಗಮನಿಸಿರಲಿಲ್ಲ.

ಕಾಗದದ ಜಗಳ ಕಾಗದದಲ್ಲಿ ತೀರುವುದಿಲ್ಲ ಎನ್ನಿಸಿತು. ಗಾರೆ ಕೆಲಸದವನನ್ನು ಕರೆಸಿ, ಮೇಜು ಸರಿಸಿ, "ಈ ಚಪ್ಪಡಿ ಎತ್ತಪ್ಪ" ಎಂದೆ. "ಗಟ್ಟಿಯಾಗಿದೆಯಲ್ಲಮ್ಮ, ಯಾಕೆ ಎತ್ತೋದು?" ಎಂದ. ಏನು ಹೇಳಲಿ? "ಕೆಳಗೆ ಇರುವೆ ಗೂಡಿದೆ" ಎಂದೆ. ಎರಡು ಚಪ್ಪಡಿ ಎತ್ತಿ, ಮಣ್ಣು ತೆಗೆದು, ಹಾರೆಯ ಮೇಲೆ ಕೈಯೂರಿ ನಿಂತುಬಿಟ್ಟ. ಆಮೇಲೆ ಮೆಲ್ಲಗೆ, "ಅಮ್ಮ, ಇರುವೆ ಮೆಟ್ಲು ಕಟ್ಟಲ್ಲ" ಎಂದ. ಸವೆದು ನಡು ತಗ್ಗಾದ ಕಲ್ಲಿನ ಮೆಟ್ಟಿಲುಗಳು. ಎಷ್ಟು ಜನ ಹತ್ತಿ ಇಳಿದಿದ್ದರೆ ಕಲ್ಲು ಹಾಗೆ ಸವೆಯುತ್ತದೆ ಹೇಳು. ಅವುಗಳ ಮೇಲೆ ಕೂತು ನಾನು ದಾರಿ ಇಲ್ಲ ಎಂದು ಬರೆದಿದ್ದೆ.

ಗೋಡೆಯಾಚೆಯೂ ಅಗೆಸಿದೆ. ಒಂದಷ್ಟು ದೂರ ಹೋಗಿ ಮೆಟ್ಟಿಲು ಕಡಿದುಬಿದ್ದಿವೆ, ಅಲ್ಲಿಂದ ಬರೀ ಜಾರು. ನನಗೆ ಮತ್ತೆ ಅನುಮಾನ. ಹಾಳಾದ ದಾರಿಯನ್ನು ಮುಚ್ಚಿದ್ದು ತಪ್ಪೇ ಅಲ್ಲವೇನೋ, ಅವರನ್ನು ಸುಮ್ಮನೆ ಶಂಕಿಸಿದೆನೇನೋ. ಸೂಲಗಿತ್ತಿಯನ್ನು ಕೇಳುವುದೊಂದೇ ಉಳಿದಿತ್ತು. ನನ್ನ ಮಂಡಿ ಗೊತ್ತಲ್ಲ, ಬಳಸು ದಾರಿಯಲ್ಲಿ ಇಳಿಯುತ್ತಾ ಎಷ್ಟು ಕಡೆ ಕೂತೆನೋ. ಆಕೆಗೆ ಈಗ ತುಂಬ ವಯಸ್ಸಾಗಿದೆ. ಒಳಗೆ ಬಾ ಎನ್ನಲಿಲ್ಲ. ಜಗಲಿಯ ಮೇಲೆ ಕೂರಿಸಿಯೇ ಹೇಳಿದಳು.

ನಿನ್ನ ಅಣ್ಣ ಕೆಲಸಕ್ಕೆ ಬಂದ ವರ್ಷ ಮಳೆಗೆ ಗುಡ್ಡ ಜಾರಿ ಮೆಟ್ಟಿಲು ಕಿತ್ತುಹೋಯಿತಂತೆ. ಮೂಟೆ ಹೊತ್ತು ಇಳಿಯುತ್ತಿದ್ದ ಒಬ್ಬ ಬಿದ್ದು ಸೊಂಟ ಮುರಿದುಕೊಂಡ. ಆ ದಿನವೇ ಇವರು ಹಲಗೆ ಅಡ್ಡ ಹಾಕಿಸಿ, ಒಂದು ವರ್ಷದೊಳಗೆ ರಿಪೇರಿ ಮಾಡಿಸುತ್ತೇನೆ ಎಂದು ಮಾತು ಕೊಟ್ಟರು. ಪುರಸಭೆ ಮಾಡಲಿಲ್ಲ. ಹಲಗೆ ಹೋಗಿ ಗೋಡೆಯಾಯಿತು. "ಗೋಡೆ ಆದ್ಮೇಲೆ ಕೋಣೆ ಆಯ್ತು. ಜಗಳಕ್ಕೆ ಬಂದೆ. ಅರ್ಜಿ ಕೊಟ್ವಿ. ಅರ್ಜಿ ಕೊಟ್ಟ ಮೇಲೆ ನಕ್ಷೇಲೂ ಇಲ್ಲ ಅಂದ್ರು" ಎಂದಳು. ಅಷ್ಟೇ ಅಂಟಣ್ಣ. ಒಂದೇ ಸಲಕ್ಕೆ ಯಾರೂ ದಾರಿ ನುಂಗಲಿಲ್ಲ. ಒಂದು ಒಳ್ಳೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಆ ಅರ್ಧದ ಮೇಲೆ ನನಗೊಂದು ಕೋಣೆ ಕಟ್ಟಿಸಿ, ಕೊನೆಗೆ ಕೆಲಸ ಹೋದೀತೆಂಬ ಹೆದರಿಕೆಗೆ ಕಾಗದಕ್ಕೆ ತೇಪೆ ಹಾಕಿದರು.

ಹಾಳೆ ತೆಗೆದುಕೊಂಡು ನೀನೇ ಬಾ. ತೇಪೆಯನ್ನೂ ತಾ.

ನಿನ್ನ ಅತ್ತಿಗೆ


ಏಪ್ರಿಲ್ ೫

ಅತ್ತಿಗೆಗೆ ನಮಸ್ಕಾರ.

ಹತ್ತನೆಯ ತಾರೀಖು ಬೆಳಗಿನ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಆ ಕೋಣೆಗೆ ಬೀಗ ಹಾಕಿಡಿ. ಗಾರೆಯವನು ಬಾಯಿ ಬಿಟ್ಟಿರುತ್ತಾನೆ, ಔಷಧಿ ಅಂಗಡಿಯವರ ಕಿವಿಗೆ ಬಿದ್ದಿರುತ್ತದೆ. ಯಾರಾದರೂ ಬಂದು ಮಣ್ಣು ತುಂಬಿಸಿ ಹೋದರೆ ಏನು ಮಾಡುತ್ತೀರಿ? ನಾನು ಕಳಿಸಿದ ಪ್ರತಿಯನ್ನೂ ಮೇಜಿನ ಮೇಲೆ ಬಿಡಬೇಡಿ.

ಹೀಗೆ ಬರೆಯುತ್ತಿರುವಾಗ ನನಗೇ ಅನ್ನಿಸುತ್ತಿದೆ, ಜನವರಿಯಲ್ಲಿ ನಾವಿಬ್ಬರೂ ಇಷ್ಟು ಸಂಶಯದವರಾಗಿರಲಿಲ್ಲ.

ಅಂಟಣ್ಣ


ಜೂನ್ ೧೦

ಪ್ರೀತಿಯ ಅಂಟಣ್ಣನಿಗೆ ಆಶೀರ್ವಾದ.

ನೀನು ಹೋದ ಮೇಲೆ ಏನೇನಾಯಿತೆಂದು ಕೇಳಿದ್ದೀಯ.

ಸಭೆಯಲ್ಲಿ ಔಷಧಿ ಅಂಗಡಿಯವರು "ಪಟ್ಟಣದಲ್ಲಿ ಕೂತು ಇವರೇ ಬರೆದಿಲ್ಲ ಅಂತ ಏನ್ ಗ್ಯಾರಂಟಿ?" ಎಂದಾಗ ನೀನು ಕೆಂಪಗಾದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲರನ್ನೂ ಮನೆಗೆ ಕರೆದುಕೊಂಡು ಬಂದು ನೆಲ ತೋರಿಸಿದ ಮೇಲೆ ಅವರು ಸುಮ್ಮನಾದರು, ನೀನೂ ನೋಡಿದೆ. ಆದರೆ ಸುಮ್ಮನಾಗುವುದು ಬೇರೆ, ನಂಬುವುದು ಬೇರೆ. ಈಗ ಅಂಗಡಿಯಲ್ಲಿ ಹೊಸ ಮಾತು ಶುರುವಾಗಿದೆ, ಟೀಚರಮ್ಮ ಪುರಸಭೆ ಚುನಾವಣೆಗೆ ನಿಲ್ಲುತ್ತಾರೆ, ಕೆಳಪೇಟೆಯ ಓಟಿಗಾಗಿ ಗಂಡನ ಹೆಸರನ್ನೇ ಮಾರಿಕೊಂಡರು ಎಂದು. ಕೆಳಪೇಟೆಯವರದು ಇನ್ನೊಂದು ಅನುಮಾನ. ಮೊದಲೇ ಎಲ್ಲ ಗೊತ್ತಿತ್ತು, ಗಂಡ ಸಾಯಲಿ ಎಂದು ಕಾದಿದ್ದಳು ಎಂದು. ಯಾರಿಗೂ ಉತ್ತರ ಹೇಳಲು ಹೋಗಿಲ್ಲ. ಒಂದಿಷ್ಟು ದಿನ ನಾವಿಬ್ಬರೂ ಒಬ್ಬರನ್ನೊಬ್ಬರು ಏನೇನು ಅಂದುಕೊಂಡೆವು, ಅವರು ಹೊರಗಿನವರು, ಅವರನ್ನೇನು ದೂರುವುದು?

ಮೇ ತಿಂಗಳಲ್ಲಿ ಪುರಸಭೆಯವರು ಕೋಣೆ ಕೆಡವಿದರು. ನಾನು ಆ ಹೊತ್ತು ಮನೆಯಲ್ಲಿರಲಿಲ್ಲ, ಇರಬೇಕೆನ್ನಿಸಲಿಲ್ಲ. ಮಳೆಗೆ ಮುಂಚೆ ಮುಗಿಯಲಿ ಎಂದು ಕೆಳಪೇಟೆಯವರೇ ಕೈಹಾಕಿ ಕಡಿದುಹೋದ ಕಡೆ ಕಲ್ಲು ಕೂರಿಸಿ, ಹಿಡಿದುಕೊಳ್ಳಲು ಕಂಬಿ ಹಾಕಿಕೊಂಡಿದ್ದಾರೆ. ಮೇಜು ಈಗ ಮುಂದಿನ ಕೋಣೆಯಲ್ಲಿದೆ. ಅಕ್ಷರ ಓಡುತ್ತದೆ. ಓಡುವುದಿಲ್ಲ ಎಂದುಕೊಂಡದ್ದು ಬರೀ ಜಂಬ. ಆದರೆ ಬೆಳಗಾದರೆ ಸಾಕು, ಬಚ್ಚಲ ಪಕ್ಕದಲ್ಲಿ ಹೆಜ್ಜೆ ಸದ್ದು, ಮಕ್ಕಳ ಗಲಾಟೆ. ಕೆಲವರು ಕಿಟಕಿಯಲ್ಲಿ ಬಗ್ಗಿ, "ಟೀಚರ್, ಗಂಟೆ ಎಷ್ಟು?" ಎನ್ನುತ್ತಾರೆ. ಕೆಲವರು ಇನ್ನೂ ಮುಖ ತಿರುಗಿಸಿಕೊಂಡೇ ಹತ್ತುತ್ತಾರೆ.

ನಮ್ಮ ಬಳಗ ತರುತ್ತಿರುವ ಊರಿನ ಇತಿಹಾಸದ ಪುಸ್ತಕದಲ್ಲಿ ಮೂರನೆಯ ಹಾಳೆಯನ್ನು ಎರಡು ಸಲ ಅಚ್ಚು ಹಾಕಿಸುತ್ತಿದ್ದೇನೆ. ಒಂದು ತೇಪೆಯ ಸಮೇತ, ಒಂದು ತೇಪೆಯಿಲ್ಲದೆ. ಕೆಳಗೆ ಯಾರು ಹಚ್ಚಿದ್ದು ಎಂದೂ ಬರೆದಿದ್ದೇನೆ.

ನಿನ್ನೆ ಸೂಲಗಿತ್ತಿ ಬಂದಿದ್ದಳು. ಕಂಬಿ ಹಿಡಿದುಕೊಂಡು, ಕೂತು ಎದ್ದು, ಪೂರ್ತಿ ಹತ್ತಿದಳಂತೆ. ನಮ್ಮ ಹಿತ್ತಲ ಬಾಗಿಲಲ್ಲಿ ಕೂತು ನೀರು ಕೇಳಿದಳು. ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ ತಾನಾಗಿಯೇ ಮಾತು ತೆಗೆದಳು.

"ಆ ಜಗಳ ಆದ್ಮೇಲೆ ನಿಮ್ಮ ಯಜಮಾನ್ರ ಜೊತೆ ನಾನು ಮಾತು ಬಿಟ್ಟಿದ್ದೆ. ಸಾಯೋವರ್ಗೂ ಆಡ್ಲಿಲ್ಲ. ಹೆರಿಗೆ ಚೀಲ ಹೊತ್ಕೊಂಡು ನಾನು ಸುತ್ತು ದಾರೀಲಿ ಬರ್ತಿದ್ರೆ, ಎಲ್ಲಿಂದಲೋ ಬಂದು ಚೀಲಕ್ಕೆ ಕೈ ಚಾಚೋರು. ಕೊಡ್ತಿದ್ದೆ. ಹೊತ್ಕೊಂಡು ಮುಂದೆ ಮುಂದೆ ನಡೆಯೋರು. ನಾನು ಹಿಂದೆ. ಆಸ್ಪತ್ರೆ ಬಾಗ್ಲಲ್ಲಿ ಇಟ್ಟು ಹೊರಟು ಹೋಗೋರು. ಅವರೂ ಮಾತಾಡ್ತಿರ್ಲಿಲ್ಲ, ನಾನೂ ಮಾತಾಡ್ತಿರ್ಲಿಲ್ಲ. ಎಷ್ಟೋ ವರ್ಷ ಹಾಗೇ ನಡೀತು."

ಇದನ್ನೂ ಅವರು ನನಗೆ ಹೇಳಿರಲಿಲ್ಲ, ಅಂಟಣ್ಣ. ಅಷ್ಟು ಸಿಟ್ಟಿದ್ದರೂ ಚೀಲ ಯಾಕೆ ಕೊಡುತ್ತಿದ್ದಿರಿ ಎಂದು ಕೇಳಿದೆ.

ಆಕೆ ನನ್ನ ಮುಖ ನೋಡಿದಳು, ಇಷ್ಟೂ ಗೊತ್ತಾಗಲಿಲ್ಲವೆ ಎನ್ನುವಂತೆ.

"ಭಾರ ಇತ್ತಲ್ಲಮ್ಮ" ಎಂದಳು.

ನಿನ್ನ ಅತ್ತಿಗೆ